ಗೊರಕೆಗೊಂದು ಮುಖವಾಡ

ಗೊರಕೆಯನ್ನು ನಮ್ಮ ಜನ ರೋಗವೆಂದು ಎಣಿಸಿದವರಲ್ಲ. ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿದ್ದಾನೆಂದೇ ಎಲ್ಲರ ನಂಬಿಕೆ. ಅವನು ಹಗಲಿನಲ್ಲೂ ತೂಕಡಿಸಿದರೆ ಕುಂಭಕರ್ಣನೆಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ನಾವೂ ಈ ಬಿರುದನ್ನು ಮನೆಯಲ್ಲಿ ಬಹುಕಾಲ, ಕಚೇರಿಯಲ್ಲಿ ಕೆಲಕಾಲ ಹೊತ್ತವರೇ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು ನಮ್ಮ ಈ ಮುಂಬಯಿಯಲ್ಲಿ ತೀರಿಕೊಂಡಾಗ, ಪತ್ರಿಕೆಗಳು ಕಾರಣದ ಜಾಗದಲ್ಲಿ 'ಸ್ಲೀಪ್ ಆಪ್ನಿಯಾ' ಎಂದು ಅಚ್ಚು ಹಾಕಿದವು. ಗೊರಕೆಯ ಹಿಂದೆ ಇಷ್ಟು ದೊಡ್ಡದೊಂದು ಕುಳಿತಿರಬಹುದೆಂದು ಈ ಊರಿನ ಅನೇಕರಿಗೆ ತಿಳಿದುಬಂದದ್ದು ಅಂದೇ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತವೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ಅರೆ ಎಚ್ಚರವಾಗುತ್ತದೆ, ದೊಡ್ಡದೊಂದು ಸದ್ದಿನೊಡನೆ ಉಸಿರು ಮರಳುತ್ತದೆ. ರೋಗ ಬಲಿತವರಲ್ಲಿ ಇದು ರಾತ್ರಿಗೆ ನೂರಾರು ಸಲ. ಬೆಳಿಗ್ಗೆ ಎದ್ದವನಿಗೆ ಮಾತ್ರ ಒಂದೂ ನೆನಪಿರುವುದಿಲ್ಲ.

ಇಂಗ್ಲೆಂಡಿನ ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಯಜಮಾನನ ಕೆಲಸದ ನಡುವೆಯೂ ನಿದ್ದೆ, ನಿಂತಲ್ಲೇ ಗೊರಕೆ. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗ ವೈದ್ಯರು ಇಂಥದೇ ಒಬ್ಬ ರೋಗಿಯನ್ನು ವರ್ಣಿಸಿ, ರೋಗಕ್ಕೆ ಪಿಕ್‌ವಿಕ್ಕನ ಹೆಸರನ್ನೇ ಇಟ್ಟರು. ಅವರ ರೋಗಿ ಒಬ್ಬ ವ್ಯಾಪಾರಿ. ಆತ ಆಸ್ಪತ್ರೆ ಸೇರಿದ ಕಾರಣ ಸ್ವಾರಸ್ಯವಾಗಿದೆ. ಪೋಕರ್ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ, ಪಣ ಏರಿಸುವ ಮೊದಲೇ ಆತ ನಿದ್ದೆಹೋಗಿದ್ದನು! ಅಂಥ ಎಲೆ ಹಿಡಿದು ಮಲಗಬೇಕಾದರೆ ಇದು ರೋಗವೇ ಸರಿಯೆಂದು ಆತನಿಗೂ ಅನ್ನಿಸಿತು. ಆದರೆ ವೈದ್ಯರು ಈ ನಿದ್ದೆಯ ಮೂಲವನ್ನು ಬೊಜ್ಜಿನಲ್ಲೂ ರಕ್ತದ ಇಂಗಾಲಾಮ್ಲದಲ್ಲೂ ಹುಡುಕಿದರೇ ಹೊರತು ರಾತ್ರಿ ರೋಗಿಯ ಪಕ್ಕದಲ್ಲಿ ಕುಳಿತು ನೋಡಲಿಲ್ಲ. ಹಾಗೆ ಕುಳಿತು ಉಸಿರಾಟವನ್ನು ದಾಖಲಿಸಿದವರು ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ಟೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ. ಅದು 1965ರ ಸುಮಾರಿಗೆ. ಪ್ರತಿ ಮನೆಯ ಹೆಂಗಸರಿಗೂ ತಿಳಿದಿದ್ದ ಸಂಗತಿ ವೈದ್ಯಶಾಸ್ತ್ರಕ್ಕೆ ತಲುಪಲು ಅಷ್ಟು ಕಾಲ ಹಿಡಿಯಿತೆನ್ನಬೇಕು.

ರೋಗ ತಿಳಿಯಿತು, ಮದ್ದು? 1969ರಲ್ಲಿ ಕೂಲೋ ಮೊದಲಾದವರು ಕೊರಳಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನೇರವಾಗಿ ಗಾಳಿ ಬಿಟ್ಟರು. ಹಗಲು ರಂಧ್ರಕ್ಕೆ ಬಿರಡೆ, ರಾತ್ರಿ ಬಿರಡೆ ತೆಗೆದು ಮಲಗುವುದು. ಗುಣವೇನೋ ಖಂಡಿತವಾಗಿ ಆಗುತ್ತಿತ್ತು. ಆದರೆ ನಿದ್ದೆಗಾಗಿ ಕೊರಳು ಕೊಡಲು ಒಪ್ಪುವವರೆಷ್ಟು ಮಂದಿ?

ಒಪ್ಪದ ಒಬ್ಬನಿಂದಲೇ ಮುಂದಿನ ಕಥೆ ಹುಟ್ಟಿತು. ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಕೆನಡಾದ ಟೊರಾಂಟೊದಲ್ಲಿ ನಾಯಿಗಳ ನಿದ್ರೆಯ ಉಸಿರಾಟವನ್ನು ಅಭ್ಯಾಸ ಮಾಡಿ ಸಿಡ್ನಿಗೆ ಮರಳಿದ್ದ ವೈದ್ಯರು. 1980ರ ಜೂನಿನಲ್ಲಿ ಅವರ ಬಳಿ ಇದ್ದ ರೋಗಿ ಕಟ್ಟಡ ಕೆಲಸದವನು. ಕೊರಳು ಕೊರೆಯುವುದು ಬೇಡವೆಂದನು, ಬೇರೆ ಏನಾದರೂ ಇದ್ದರೆ ಪರೀಕ್ಷೆಗೆ ಸಿದ್ಧನೆಂದನು. ಸಲ್ಲಿವನ್ನರು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಹೀರುವ ಬದಲು ಊದುವಂತೆ ತಿರುಗಿಸಿ, ಕೊಳವೆ ಜೋಡಿಸಿ, ಮೂಗಿಗೆ ಮುಖವಾಡ ಅಂಟಿಸಿದರು. ಒತ್ತಡ ಏರಿಸಿದರೆ ಗಂಟಲು ತೆರೆಯಿತು, ಇಳಿಸಿದರೆ ಮತ್ತೆ ಮುಚ್ಚಿತು. ಏರಿಸಿಯೇ ಬಿಟ್ಟಾಗ ಆ ಮನುಷ್ಯ ಗಾಢನಿದ್ರೆಗೆ ಇಳಿದನು.

1981ರ ಏಪ್ರಿಲಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಪ್ರಕಟವಾಯಿತು. ಬೇಕಾದ ಒತ್ತಡ ನೀರಿನ ಕಂಬದ 4.5ರಿಂದ 10 ಸೆಂಟಿಮೀಟರ್. ಬಿ.ಎಸ್‌ಸಿ.ಯಲ್ಲಿ ಯು ಆಕಾರದ ಗಾಜಿನ ಕೊಳವೆ ಹಿಡಿದು ಅಳೆದವರಿಗೆ ಇದರ ಅಲ್ಪತ್ವ ಹೊಳೆದೀತು. ವಾಯುಮಂಡಲದ ಒತ್ತಡ ಸುಮಾರು 1033 ಸೆಂಟಿಮೀಟರ್ ಇರುವಾಗ ಇದು ಶೇಕಡಾ ಒಂದಕ್ಕೂ ಕಡಿಮೆ. ಬೆಂಕಿ ಆರಿಸುವವರ ಕ್ಯಾನ್‌ವಾಸ್ ಕೊಳವೆ ಖಾಲಿಯಿದ್ದಾಗ ಚಪ್ಪಟೆ, ನೀರು ಬಿಟ್ಟೊಡನೆ ದುಂಡಗೆ; ಗಂಟಲಿಗೆ ಗಾಳಿ ಮಾಡುವುದೂ ಇಷ್ಟೇ. ಇದೇ ಸೀಪ್ಯಾಪ್, ಎಂದರೆ ಎಡೆಬಿಡದ ಒತ್ತಡದ ಗಾಳಿ.

ಇಲ್ಲಿಗೆ ವಿಜ್ಞಾನ ಮುಗಿಯಿತು. ಇದರ ನಿಜವಾದ ಚರಿತ್ರೆ ಆಮೇಲಿನದೆಂದು ನಮ್ಮ ಅಭಿಪ್ರಾಯ. ಗಾಳಿಯ ಸಮಸ್ಯೆ ಒಂದು ರಾತ್ರಿಯಲ್ಲಿ ತೀರಿತು. ಮೂಗಿನ ಸಮಸ್ಯೆ ನಾಲ್ಕು ದಶಕವಾದರೂ ತೀರಿಲ್ಲ. ಮೊದಲ ರೋಗಿಗಳಿಗೆ ಮೂಗಿನ ಅಚ್ಚು ತೆಗೆದು ಮುಖವಾಡ ಮಾಡಿಕೊಡುತ್ತಿದ್ದರು. ಅದನ್ನು ಪ್ರತಿ ರಾತ್ರಿ ಅಂಟಿನಿಂದ ಮುಖಕ್ಕೆ ಮೆತ್ತಿಕೊಂಡು ಬೆಳಿಗ್ಗೆ ಕಿತ್ತು ತೆಗೆಯಬೇಕು. ಮೋಟಾರಿನ ಸದ್ದು ಬೇರೆ. ಪಟ್ಟಿ ಕಟ್ಟುವ ಮೆತ್ತನೆಯ ಸಿಲಿಕೋನ್ ಮುಖವಾಡ, ಸದ್ದು ಕಡಿಮೆಯಾದ ಯಂತ್ರ, ಗಾಳಿಯನ್ನು ತೇವಗೊಳಿಸುವ ನೀರಿನ ಡಬ್ಬಿ, ಇವೆಲ್ಲ ಒಂದೊಂದಾಗಿ ಬಂದವು. ಸದ್ದು ತಗ್ಗಿಸಲು ಹಾಕಿದ ಫೋಮೇ ಪುಡಿಯಾಗುತ್ತದೆಂದು 2021ರಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಹಾಕಿಕೊಳ್ಳುತ್ತೇನೆಂದವರು ನಿಜವಾಗಿ ಹಾಕಿಕೊಳ್ಳುತ್ತಿದ್ದರೇ? 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 35 ರೋಗಿಗಳ ಯಂತ್ರದೊಳಗೆ ಅವರಿಗೆ ತಿಳಿಯದಂತೆ ಗಣಕವೊಂದನ್ನು ಇರಿಸಿದರು. ನೂರಕ್ಕೆ ಅರವತ್ತು ಮಂದಿ ತಾವು ಪ್ರತಿ ರಾತ್ರಿ ಬಳಸುತ್ತೇವೆಂದರು. ನೂರಕ್ಕೆ ಎಪ್ಪತ್ತು ದಿನಗಳಾದರೂ ನಾಲ್ಕು ಗಂಟೆ ಬಳಸಿದವರು 16 ಮಂದಿ ಮಾತ್ರ. ಈ ನಾಲ್ಕು ಗಂಟೆ, ಎಪ್ಪತ್ತು ಶೇಕಡಾ ಎಂಬುದೇ ಮುಂದೆ ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರಿನ ನಿಯಮವಾಯಿತು. ಗುಮಾಸ್ತರಾದ ನಮಗೆ ಇದನ್ನು ಓದಿ ನಗು ಬಂತು. ನಿದ್ದೆಗೂ ಹಾಜರಿ ಪುಸ್ತಕ!

2016ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ ಭಾರತವೂ ಸೇರಿ ಏಳು ದೇಶಗಳ 2717 ಹೃದ್ರೋಗಿಗಳೂ ಪಾರ್ಶ್ವವಾಯು ಪೀಡಿತರೂ ಇದ್ದರು. ಹೃದಯಾಘಾತವೇ ಮೊದಲಾದವು ಸೀಪ್ಯಾಪಿನಿಂದ ಕಡಿಮೆಯಾಗಲಿಲ್ಲ. ತೂಕಡಿಕೆ ತಗ್ಗಿತು, ಮನಸ್ಸು ಹಗುರವಾಯಿತು. ಅವರು ಸರಾಸರಿ ಬಳಸಿದ್ದು ರಾತ್ರಿಗೆ 3.3 ಗಂಟೆ. ಯಂತ್ರ ಸೋತಿತೋ ಹಾಕಿಕೊಂಡವರು ಸೋತರೋ ಎಂಬ ವಾದ ಆಗಿನಿಂದ ಹುಟ್ಟಿಕೊಂಡಿದೆ.

ನಮ್ಮದನ್ನೂ ಹೇಳಿಬಿಡುತ್ತೇವೆ. ಯಂತ್ರ ಮನೆಗೆ ಬಂದ ಮೂರನೆಯ ವಾರವೇ ನಾವು ಅದನ್ನು ಅಟ್ಟಕ್ಕೆ ಏರಿಸಿದೆವು. ಮೂಗಿನ ಮೇಲೆ ಗಾಯ, ಬಾಯಿ ಒಣಗುವುದು, ಮಗಳ ಬಾಯಲ್ಲಿ 'ಅಪ್ಪ ಗಣಪತಿ'. ನಾಲ್ಕು ತಿಂಗಳ ಬಳಿಕ ಒಂದು ಸಂಜೆ ಲೋಕಲ್ ಗಾಡಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದೆವು. ಹಿಡಿ ಸಡಿಲಿದ್ದು ನಮಗೆ ಗೊತ್ತೇ ಆಗಲಿಲ್ಲ. ಹಿಂದಿದ್ದ ಮರಾಠಿ ಗೃಹಸ್ಥರೊಬ್ಬರು ಅಂಗಿಯ ಕಾಲರು ಹಿಡಿದೆಳೆದರು, ಬೈದರು, ಕುಳಿತವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದರು. ಮನೆಯಲ್ಲಿ ಇದನ್ನು ಹೇಳಲಿಲ್ಲ. ಸುಮ್ಮನೆ ಏಣಿ ಕೇಳಿದೆವು. ಬೇರೆ ಅಳತೆಯ ಮುಖವಾಡ ತಂದು, ಹಗಲು ರೇಡಿಯೋ ಕೇಳುತ್ತಾ ಅರ್ಧ ಗಂಟೆ ಹಾಕಿಕೊಂಡು ಕುಳಿತು ರೂಢಿ ಮಾಡಿದೆವು. ಒಗ್ಗಲು ಎರಡು ತಿಂಗಳು ಹಿಡಿಯಿತು.

ಕಳೆದ ತಿಂಗಳ ನಮ್ಮ ಹಾಜರಿ ಮೂವತ್ತರಲ್ಲಿ ಇಪ್ಪತ್ತಾರು ರಾತ್ರಿ. ಉಳಿದ ನಾಲ್ಕು ರಾತ್ರಿ ಊರಿನಲ್ಲಿ ಅಕ್ಕನ ಮಗನ ಮದುವೆ; ನಾಚಿಕೆಯಿಂದ ಯಂತ್ರ ಒಯ್ಯಲಿಲ್ಲ. ಛತ್ರದಲ್ಲಿ ಪಕ್ಕಕ್ಕೆ ಮಲಗಿದ್ದ ಬೀಗರೊಬ್ಬರು ನಡುರಾತ್ರಿ ಹಾಸಿಗೆ ಎತ್ತಿಕೊಂಡು ಜಗಲಿಗೆ ಹೋದರೆಂದು ಬೆಳಿಗ್ಗೆ ತಿಳಿಯಿತು.