ಸೀಳಂಗುಳಿನ ಕುದುರೆಮರಿ

ಹುಟ್ಟಿದ ಕುದುರೆಮರಿ ಒಂದೆರಡು ಗಂಟೆಗಳಲ್ಲಿ ತಡವರಿಸುತ್ತ ಎದ್ದು ನಿಂತು ತಾಯಿಯ ಕೆಚ್ಚಲಿಗೆ ಬಾಯಿಡುವುದು. ಕುಡಿದ ಹಾಲು ಎರಡು ಹೊಳ್ಳೆಗಳಿಂದಲೂ ಹೊರಕ್ಕೆ ಸುರಿಯುತ್ತಿದ್ದರೆ ಅದರ ಅಂಗುಳು ಸೀಳಿರಬಹುದೆಂದು ಶಂಕಿಸಬೇಕು. ಬಾಯಿಗೆ ಮೇಲ್ಚಾವಣಿಯೂ ಮೂಗಿಗೆ ನೆಲವೂ ಆಗಿರುವ ಈ ಅಂಗುಳು ಗರ್ಭದಲ್ಲಿ ಎರಡು ಪಕ್ಕಗಳಿಂದ ಬೆಳೆದುಬಂದು ನಡುವೆ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆಯದೆ ಉಳಿದ ಬಿರುಕೇ ಸೀಳಂಗುಳು. ಕುದುರೆಗಳಲ್ಲಿ ಇದು ಅಪರೂಪ. ಮನುಷ್ಯರ ಹಸುಳೆಗಳಲ್ಲಿಯೂ ಉಂಟು. ಆದರೆ ಮನುಷ್ಯನಿಗೆ ದೊರೆತ ಚಿಕಿತ್ಸೆ ಕುದುರೆಮರಿಯನ್ನು ಮುಟ್ಟುವುದಕ್ಕೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹೀಗೇಕಾಯಿತೆಂಬುದನ್ನು ನಾವು ವಿಚಾರ ಮಾಡೋಣ.

ಕುದುರೆಯ ದೇಹವನ್ನು ಬಲ್ಲವರು ಇರಲಿಲ್ಲವೆಂದು ಹೇಳುವಂತಿಲ್ಲ. ಫ್ರಾನ್ಸು ದೇಶದ ಲಿಯೋನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬ ಅಶ್ವವಿದ್ಯಾವಿಶಾರದನು 1761ರಲ್ಲಿ ರಾಜಾನುಮತಿಯನ್ನು ಪಡೆದು, ಮರುವರ್ಷ ಪಶುವೈದ್ಯಶಾಲೆಯನ್ನು ತೆರೆದನು. ಎಕ್ಲಿಪ್ಸ್ ಎಂಬ ಪ್ರಸಿದ್ಧವಾದ ಪಂದ್ಯದ ಕುದುರೆ 1789ರಲ್ಲಿ ಸತ್ತಾಗ, ಸಾನ್‌ಬೆಲ್ ಎಂಬ ಫ್ರೆಂಚ್ ವೈದ್ಯನು ಅದರ ದೇಹವನ್ನು ಕೊಯ್ದು, ಅಂಗಾಂಗಗಳನ್ನು ಅಳೆದನು. 1791ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿಗೆ ಆತನೇ ಮೊದಲ ಪ್ರಾಧ್ಯಾಪಕ.

ಇತ್ತ ಮನುಷ್ಯರ ಚಿಕಿತ್ಸೆಯಲ್ಲಿ, 1816ರಲ್ಲಿ ಬರ್ಲಿನ್ನಿನ ಗ್ರೇಫನೂ, 1819ರಲ್ಲಿ ಪ್ಯಾರಿಸಿನ ಫಿಲಿಬರ್ ರೂ ಎಂಬಾತನೂ ಮೃದುವಾದ ಹಿಂದಿನ ಅಂಗುಳಿನ ಸೀಳನ್ನು ಹೊಲಿದರು. ರೂ ಹೊಲಿದದ್ದು ಜಾನ್ ಸ್ಟೀಫನ್‌ಸನ್ ಎಂಬ ಕೆನಡಾದ ವೈದ್ಯ ವಿದ್ಯಾರ್ಥಿಯ ಅಂಗುಳನ್ನು. ಆಗಿನ್ನೂ ಸ್ಮೃತಿ ತಪ್ಪಿಸುವ ಔಷಧವಿರಲಿಲ್ಲ. ರೋಗಿಯು ತಾನೇ ಬಾಯಿ ತೆರೆದು, ನೋವನ್ನು ನುಂಗಿ, ಅಲುಗದೆ ಕುಳಿತಿರಬೇಕು. ಸ್ಟೀಫನ್‌ಸನ್ ಹಾಗೆ ಕುಳಿತನು. ತನ್ನ ಚಿಕಿತ್ಸೆಯನ್ನೇ ವಿಷಯವಾಗಿ ಮಾಡಿಕೊಂಡು 1820ರಲ್ಲಿ ಎಡಿನ್‌ಬರೊದಲ್ಲಿ ಪ್ರಬಂಧವನ್ನು ಬರೆದನು. ಮುಂದೆ ಮಾಂಟ್ರಿಯಲ್ಲಿನ ವೈದ್ಯಶಾಲೆಯ ಸ್ಥಾಪಕರಲ್ಲಿ ಒಬ್ಬನಾದನು.

ಕುದುರೆಮರಿಗೆ ಇಂತಹ ಸಹಕಾರವನ್ನು ಕಲಿಸುವವರಾರು? 1846ರಲ್ಲಿ ಈಥರೂ 1847ರಲ್ಲಿ ಕ್ಲೋರೋಫಾರಮ್ಮೂ ಬಂದ ಮೇಲೆ ಈ ಅಡ್ಡಿ ಸಡಿಲವಾಯಿತು. ಆದರೆ ಇನ್ನೊಂದು ಅಡ್ಡಿ ಉಳಿಯಿತು. ಕುದುರೆಯ ಬಾಯಿ ಉದ್ದ, ಇಕ್ಕಟ್ಟು. ಅದು ಅಗಲವಾಗಿ ತೆರೆಯದು. ಸೀಳು ಸಾಮಾನ್ಯವಾಗಿ ಇರುವುದು ಹಿಂದುಗಡೆ, ಗಂಟಲ ಬಳಿ. ಅಲ್ಲಿಗೆ ಕಣ್ಣು ಹಾಯದು, ಕೈ ನಿಲುಕದು. ಕೆಳದವಡೆಯ ಎರಡು ಪಾಲುಗಳು ಗಲ್ಲದಲ್ಲಿ ಕೂಡುವೆಡೆಯನ್ನು ಸೀಳಿ, ದವಡೆಯನ್ನೇ ಇಬ್ಬದಿಗೆ ಸರಿಸಿ ದಾರಿ ಮಾಡಿಕೊಳ್ಳುವ ಕ್ರಮವು ರೂಢಿಗೆ ಬಂದುದು 20ನೆಯ ಶತಮಾನದ ಉತ್ತರಾರ್ಧದಲ್ಲಿ. 1957ರಲ್ಲಿ ರೂಪುಗೊಂಡ ಬಾಗುವ ಅಂತರ್ದರ್ಶಕ ಯಂತ್ರವು ಕ್ರಮೇಣ ಲಾಯಕ್ಕೂ ಬಂದು, ಮೂಗಿನ ಮೂಲಕ ಅಂಗುಳನ್ನು ಕಾಣಿಸಿತು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಾಲದ್ದು. ಸೀಳಂಗುಳಿನ ಮಗುವಿಗೆ ಚಮಚದಿಂದ ಹಾಲನ್ನು ಹನಿಸಿ, ವರ್ಷಗಟ್ಟಲೆ ಕಾಪಾಡಬಹುದು. ಸ್ಟೀಫನ್‌ಸನ್ ಪ್ರಾಯಕ್ಕೆ ಬರುವವರೆಗೂ ಬದುಕಿದ್ದನಲ್ಲವೆ? ಕುದುರೆಯಾದರೋ ಬಾಯಿಂದ ಉಸಿರಾಡಲಾರದು. ಮೂಗೊಂದೇ ಅದಕ್ಕೆ ಗತಿ. ಮರಿ ಮೇಲಿಂದ ಮೇಲೆ ಹಾಲು ಕುಡಿಯುವುದರಿಂದ, ತಪ್ಪುದಾರಿ ಹಿಡಿದ ಹಾಲು ಶ್ವಾಸಕೋಶಕ್ಕಿಳಿದು ಉರಿಯೂತವನ್ನು ಹುಟ್ಟಿಸುವುದು. ವೈದ್ಯನು ಬರುವುದರೊಳಗೆ ಎಷ್ಟೋ ಮರಿಗಳು ತೀರಿಹೋಗುತ್ತಿದ್ದುವು.

ಇಂದಿಗೂ ಹೊಲಿಗೆ ಬಿಟ್ಟುಹೋಗುವುದು ಅಪರೂಪವಲ್ಲ. ಹಿಂದುಗಡೆಯ ಸಣ್ಣ ಸೀಳಿನ ಮರಿಗಳು ಕೆಲವು ಚಿಕಿತ್ಸೆಯಿಲ್ಲದೆಯೂ ಬದುಕುವುದುಂಟು; ದೊಡ್ಡ ಸೀಳಿನವನ್ನು ಉಳಿಸುವುದು ಕಷ್ಟ. ಹೊಳ್ಳೆಯಲ್ಲಿ ಹಾಲು ಕಂಡ ಮಾತ್ರಕ್ಕೆ ಸೀಳೆಂದು ನಿಶ್ಚಯಿಸುವಂತೆಯೂ ಇಲ್ಲ. ನಿಶ್ಶಕ್ತವಾದ ಮರಿಯಲ್ಲಿಯೂ ಹೀಗಾಗಬಹುದು. ನಿರ್ಣಯವು ವೈದ್ಯನದು. ಆದರೆ ವೈದ್ಯನನ್ನು ಹೊತ್ತಿಗೆ ಸರಿಯಾಗಿ ಕರೆಸುವವನು ಲಾಯದ ಕಾಸದಾರ. ಮರಿ ಮೊಲೆ ಬಿಟ್ಟು ತಲೆಯೆತ್ತಿದಾಗ ಅದರ ಮೂಗನ್ನು ನೋಡುವ ಅಭ್ಯಾಸ ಅವನಿಗಿದ್ದರೆ, ಇಷ್ಟು ಕಾಲ ತಡವಾಗಿ ಬಂದ ವಿದ್ಯೆ ಒಂದು ಮರಿಗಾದರೂ ತಡವಾಗದೆ ಒದಗೀತು.