ಲಂಡನ್ನಿಗೆ ಹೊರಡುವ ಮುನ್ನ



ಬರುವ ಜೂನ್ ತಿಂಗಳ ನಡುವಿನಲ್ಲಿ ನಾವು ದಂಪತಿಗಳು ಮೂರು ವಾರಗಳ ಮಟ್ಟಿಗೆ ಲಂಡನ್ನಿಗೆ ಹೋಗಿ ಬರುವುದೆಂದು ನಿಶ್ಚಯವಾಗಿದೆ. ಮಗ ಅಲ್ಲಿ ನೆಲೆಸಿ ಆರು ವರ್ಷಗಳಾದವು. ಪ್ರತಿವರ್ಷವೂ ಅವನು ಕರೆಯುವುದು, ನಾನು ತೋಟದ ನೆಪ ಹೇಳುವುದು ನಡೆದೇ ಇತ್ತು. ನೆಪವೆಂದರೆ ಪೂರ್ತಿ ನೆಪವೂ ಅಲ್ಲ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಹಿಡಿದರೆ ರೋಬಸ್ಟಾ ಮುಗಿಯುವಾಗ ಶಿವರಾತ್ರಿ ಬಂದಿರುತ್ತದೆ. ಆಮೇಲೆ ಹೂಮಳೆಯ ದಾರಿ ಕಾಯಬೇಕು, ಮರಗಸಿ ಮಾಡಿಸಬೇಕು, ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸಬೇಕು. ದೇವರಮನೆಯ ಬೆಟ್ಟವು ಮಂಜಿನಲ್ಲಿ ಮುಳುಗಿ, ಕಾಲಭೈರವೇಶ್ವರನ ಗುಡಿಯ ಮುಂದಿನ ಕೆರೆಯೂ ಕಾಣದಂತಾಗುವ ಜೂನ್ ತಿಂಗಳೇ ನಮಗೆ ಬಿಡುವಿನ ಕಾಲ. ಆಗ ಲಂಡನ್ನಿನಲ್ಲಿ ರಾತ್ರಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆಯಂತೆ.

ಮಗನು ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಕಳುಹಿಸಿದ. ಲಂಡನ್ ಐ ಎಂಬ ದೊಡ್ಡ ಚಕ್ರ, ಮೇಣದ ಗೊಂಬೆಗಳ ಮನೆ, ಅರಮನೆಯ ಮುಂದೆ ಪಹರೆ ಬದಲಾಗುವ ವೈಭವ, ಟವರ್ ಕೋಟೆಯಲ್ಲಿರುವ ಕೊಹಿನೂರ್. ಎಲ್ಲವೂ ಸರಿಯೇ. ಆದರೆ ನನ್ನ ಬಳಿ ಇನ್ನೊಂದು ಪಟ್ಟಿಯಿದೆ. ಅದರ ಮೊದಲ ಹೆಸರನ್ನು ಕೇಳಿ ನನ್ನ ಶ್ರೀಮತಿಯವರು, "ಅಷ್ಟು ದುಡ್ಡು ಸುರಿದು, ಸಮುದ್ರ ದಾಟಿ ಹೋಗಿ ಸ್ಮಶಾನ ನೋಡುವುದೇ?" ಎಂದರು. ಅದು ಬ್ರಾಂಪ್ಟನ್ ಸ್ಮಶಾನ. ಅದೇಕೆ ಎಂಬುದನ್ನು ನಿಮಗೆ, ಅದರಲ್ಲೂ ನನ್ನ ಹಳೆಯ ವಿದ್ಯಾರ್ಥಿಗಳಿಗೆ, ಹೇಳಬೇಕಾದ ಋಣ ನನ್ನ ಮೇಲಿದೆ.

ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೊಡಗಿನ ಪಾಠವನ್ನು ನಾನು ಎಲ್ಲ ವರ್ಷವೂ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ: 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಒಂದು ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆಮೇಲೆ ಆ ರಾಜನ ಮಕ್ಕಳು ಏನಾದರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದು ಗದರಿದೆ. ಅವಳು ಆ ವರ್ಷ ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದೆಲ್ಲದಕ್ಕೂ ವಿರುದ್ಧವಾಗಿ ನಡೆದುಕೊಂಡ ಆ ಗಳಿಗೆ ನಿವೃತ್ತಿಯ ನಂತರ ನನಗೆ ಹೆಚ್ಚು ಹೆಚ್ಚು ನೆನಪಾಗುತ್ತಿದೆ.

ಉತ್ತರ ಲಂಡನ್ನಿನಲ್ಲಿತ್ತು. ಪದಚ್ಯುತನಾದ ಅರಸನನ್ನು ಮೊದಲು ವೆಲ್ಲೂರಿನಲ್ಲಿಟ್ಟು, ಆನಂತರ ಕಾಶಿಗೆ ಕಳುಹಿಸಿದರು. ಅಲ್ಲಿಯೇ 1841ರಲ್ಲಿ ಗೌರಮ್ಮ ಹುಟ್ಟಿದಳು. ಮನೆತನದ ಹಿರಿಯನಾದ ದೊಡ್ಡವೀರರಾಜೇಂದ್ರನು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಬಡ್ಡಿಗೆ ಇಟ್ಟಿದ್ದ ಹಣವು ತನಗೆ ಸೇರಬೇಕೆಂಬುದು ಚಿಕ್ಕವೀರರಾಜೇಂದ್ರನ ವಾದ. ಅದಕ್ಕಾಗಿ ದಾವೆ ಹೂಡಲು ಅವನು 1852ರಲ್ಲಿ, ಹನ್ನೊಂದು ವರ್ಷದ ಈ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ರಾಜ್ಯ ಕಸಿದುಕೊಂಡವರ ಊರಿಗೇ ಹೋಗಿ, ಅವರದೇ ನ್ಯಾಯಾಲಯದಲ್ಲಿ, ಅವರ ಮೇಲೆಯೇ ದಾವೆ! ಆ ಧೈರ್ಯವನ್ನು ನಾನು ಎಂದೂ ಪಾಠದಲ್ಲಿ ಹೇಳಲಿಲ್ಲ.

ಅದೇ ವರ್ಷದ ಜೂನ್ 30ರಂದು ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಆಕೆಗೆ ಕೊಟ್ಟಳು. ಮಗಳನ್ನು ರಾಣಿಯ ಮಡಿಲಿಗೆ ಹಾಕಿದರೆ ತನ್ನ ದಾವೆಗೆ ಬಲ ಬಂದೀತೆಂದು ತಂದೆಯು ಎಣಿಸಿದ್ದನೆಂದು ಹಲವರು ಬರೆದಿದ್ದಾರೆ. ಹಾಗೆ ಎಣಿಸಿದ್ದರೆ ಅದು ತಪ್ಪು ಲೆಕ್ಕವಾಯಿತು. ಮಗುವನ್ನು ಆಂಗ್ಲ ಪೋಷಕರ ಕೈಗೆ ಒಪ್ಪಿಸಿದರು, ತಂದೆಯಿಂದ ದೂರವಿರಿಸಿದರು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರನು ಆ ವರ್ಷವೇ ಬರೆದ ಆಕೆಯ ಚಿತ್ರವು ಇಂದಿಗೂ ಅಲ್ಲಿಯ ರಾಜಮನೆತನದ ಸಂಗ್ರಹದಲ್ಲಿದೆ. ಪಂಜಾಬಿನ ದುಲೀಪ ಸಿಂಹನಿಗೂ ಆಕೆಗೂ ವಿವಾಹವಾಗಲೆಂದು ರಾಣಿಗೆ ಆಸೆಯಿತ್ತು. ಅದು ಕೈಗೂಡಲಿಲ್ಲ. ತಂದೆಯು 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ದಾವೆಯೂ ಗೆಲ್ಲಲಿಲ್ಲ. ಮರುವರ್ಷ ಗೌರಮ್ಮನು ತನಗಿಂತ ಬಹಳ ಹಿರಿಯನಾದ ಕ್ಯಾಂಪ್‌ಬೆಲ್ ಎಂಬ ಸೈನ್ಯಾಧಿಕಾರಿಯನ್ನು ಮದುವೆಯಾದಳು. 1861ರಲ್ಲಿ ಈಡಿತ್ ಎಂಬ ಹೆಣ್ಣುಮಗು ಹುಟ್ಟಿತು. 1864ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಪ್ರಾಯದಲ್ಲಿ, ಗೌರಮ್ಮ ಕ್ಷಯದಿಂದ ತೀರಿಕೊಂಡಳು. ಆಕೆಯನ್ನು ಮಣ್ಣು ಮಾಡಿದ್ದು ಬ್ರಾಂಪ್ಟನ್ನಿನಲ್ಲಿ.

ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ನಾನು ಕಾಲೇಜಿನಲ್ಲಿದ್ದಾಗಲೇ ಓದಿದ್ದೆ. 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಶಾಲೆಯಲ್ಲಿ ಸಿಹಿ ಹಂಚಿದ್ದೆವು ಕೂಡ. ಆದರೂ ಪಾಠ ಮಾಡುವಾಗ ಪಠ್ಯಪುಸ್ತಕದ ಆ ಒಂದು ಸಾಲನ್ನು ದಾಟಿ ಯೋಚಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಕಥೆಯನ್ನು ಒಂದು ಕಪಾಟಿನಲ್ಲಿ, ಇತಿಹಾಸವನ್ನು ಇನ್ನೊಂದರಲ್ಲಿ ಇಡುವ ಕೆಟ್ಟ ಅಭ್ಯಾಸ ನಮ್ಮ ಕಾಲದ ಮೇಷ್ಟ್ರುಗಳದು.

ಹೀಗೆ ಸ್ಮಶಾನದಿಂದ ಆರಂಭಿಸಿ ನಕಾಶೆ ಬಿಡಿಸಿಕೊಂಡು ಕುಳಿತೆ. ನೋಡಿದರೆ, ಒಂದೇ ದಿನದಲ್ಲಿ ನಿಧಾನವಾಗಿ ನೋಡಬಹುದಾದಷ್ಟು ಹತ್ತಿರದಲ್ಲಿ ಕನ್ನಡ ನಾಡಿನ ಇನ್ನೂ ಎರಡು ಸಂಗತಿಗಳಿವೆ. ಸೌತ್ ಕೆನ್ಸಿಂಗ್‌ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಸೊತ್ತು ಟಿಪ್ಪುವಿನ ಮರದ ಹುಲಿ. ಆಂಗ್ಲ ಸಿಪಾಯಿಯ ಮೇಲೆ ಎರಗಿರುವ ಆ ಹುಲಿಯ ಹೊಟ್ಟೆಯಲ್ಲಿ ಒಂದು ವಾದ್ಯ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ವಸ್ತುವಾಗಿ ಹೋದದ್ದು, 1808ರಿಂದ ಕಂಪನಿಯ ಕಚೇರಿಯಲ್ಲಿ ಜನರ ವಿನೋದಕ್ಕೆಂದು ನಿಂತಿತು. ಈ ಸಂಗ್ರಹಾಲಯದ ಪ್ರವೇಶಕ್ಕೆ ಶುಲ್ಕವಿಲ್ಲ. ಆದರೆ ಒಳಗಿನ ಕೊಠಡಿಗಳನ್ನು ಆಗಾಗ ಮುಚ್ಚಿ ನವೀಕರಿಸುತ್ತಾರಾದ್ದರಿಂದ, ಹೋಗುವ ಮೊದಲೇ ಹುಲಿ ಪ್ರದರ್ಶನದಲ್ಲಿದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು. ಮಗನಿಗೆ ಆ ಕೆಲಸ ಒಪ್ಪಿಸಿದ್ದೇನೆ.

ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ರಾಯಲ್ ಆಲ್ಬರ್ಟ್ ಹಾಲ್‌ಗೂ ಮೈಸೂರಿಗೂ ನಂಟಿದೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಸ್ಥೆಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜ ಒಡೆಯರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು ಇದೇ ಸಭಾಂಗಣದಲ್ಲಿ, ಒಡೆಯರ ಧನಸಹಾಯದಿಂದ. ಐವತ್ತು ವರ್ಷಗಳ ಅಂತರದಲ್ಲಿ, ಒಂದೇ ಮೈಸೂರಿನಿಂದ ಹುಲಿಯನ್ನು ಹೊತ್ತು ತಂದವರ ಊರು, ಸಂಗೀತಕ್ಕೆ ಹಣವನ್ನೂ ಪಡೆಯಿತು ಎಂದು ಬರೆದುಬಿಟ್ಟಿದ್ದೆ. ಲೆಕ್ಕ ಹಾಕಿದರೆ ಐವತ್ತಲ್ಲ, ನೂರೈವತ್ತು! ವಯಸ್ಸಾಯಿತು, ತಿದ್ದಿಕೊಂಡಿದ್ದೇನೆ.

ಎರಡನೆಯ ದಿನ ಕಾಫಿಯದು. ನನ್ನ ಅಜ್ಜ ನಮ್ಮ ಸೀಮೆಯ ದೊರೆಯೊಬ್ಬರ ತೋಟದಲ್ಲಿ ರೈಟರಾಗಿದ್ದರು. ಕಾಫಿ ಚೀಲಗಳು ಗಾಡಿಯಲ್ಲಿ ಚಾರ್ಮಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗಿ, ಕ್ಯೂರಿಂಗ್ ಆಗಿ, ಹಡಗು ಹತ್ತುತ್ತಿದ್ದವು. 'ಲಂಡನ್' ಎಂಬ ಪದವನ್ನು ಅವರು ತಮ್ಮ ದುಂಡಾದ ಅಕ್ಷರಗಳಲ್ಲಿ ಎಷ್ಟು ಸಾವಿರ ಸಲ ಬರೆದಿದ್ದರೋ! ಅವರು ಕಂಡ ಅತಿ ದೂರದ ಊರು ಮಂಗಳೂರೇ. ಆ ಚೀಲಗಳ ಕಾಲದಲ್ಲಿ ಕಾಫಿ, ಚಹಾ, ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆ ಹೆಸರಾದ ಬೀದಿ ಮಿನ್ಸಿಂಗ್ ಲೇನ್. ಅದರ ಸಮೀಪದಲ್ಲಿಯೇ ಸೇಂಟ್ ಮೈಕೆಲ್ಸ್ ಆಲಿ ಎಂಬ ಓಣಿ. 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಲಂಡನ್ನಿನ ಮೊದಲ ಕಾಫಿ ಅಂಗಡಿ ತೆರೆದದ್ದು ಅಲ್ಲಿ. ಬಾಬಾಬುಡನ್ನರು ಏಳು ಬೀಜ ತಂದರೆಂದು ನಾವು ನಂಬುವುದೂ ಅದೇ ಶತಮಾನ. ಇನ್ನೂ ನಾಲ್ಕು ಹೆಜ್ಜೆ ಹಾಕಿದರೆ ಲೆಡನ್‌ಹಾಲ್ ಬೀದಿ. ಟಿಪ್ಪುವಿನ ಹುಲಿ ಮೊದಲು ನಿಂತಿದ್ದ ಕಂಪನಿಯ ಕಚೇರಿ ಅಲ್ಲಿತ್ತು. ಅದನ್ನು 1861ರಲ್ಲಿಯೇ ಕೆಡವಿದ್ದಾರೆ. ಈಗ ಅಲ್ಲಿರುವುದು ಲಾಯ್ಡ್ಸ್ ವಿಮಾಸಂಸ್ಥೆಯ ಕಟ್ಟಡ. ಅದೂ ಹುಟ್ಟಿದ್ದು ಒಂದು ಕಾಫಿ ಅಂಗಡಿಯಲ್ಲೇ ಎಂಬುದನ್ನು ಬೆಳೆಗಾರ ಬಂಧುಗಳು ಗಮನಿಸಬೇಕು.

ಸಂಜೆಗೆ ಥೇಮ್ಸ್ ನದಿಯ ದಂಡೆ. ಪಾರ್ಲಿಮೆಂಟ್ ಭವನಕ್ಕೆ ನದಿಯಾಚೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿಯವರು ಅನಾವರಣ ಮಾಡಿದ್ದು. ಇದಕ್ಕೆ ಮಾತ್ರ ಶ್ರೀಮತಿಯವರ ತಕರಾರಿಲ್ಲ.

ವೀಸಾಕ್ಕೆ ಬ್ಯಾಂಕಿನ ಲೆಕ್ಕ, ಪಿಂಚಣಿಯ ಕಾಗದ, ತೋಟದ ಪಹಣಿ ಎಲ್ಲವನ್ನೂ ಜೋಡಿಸಿಟ್ಟಿದ್ದೇನೆ. ಬೆರಳಚ್ಚು ಕೊಡಲು ಮುಂದಿನ ತಿಂಗಳು ಬೆಂಗಳೂರಿಗೆ ಹೋಗಬೇಕು. ಮಗ ಪಟ್ಟಿಯನ್ನು ನೋಡಿ, "ಅಪ್ಪ, ನಾನು ಇಲ್ಲಿ ಆರು ವರ್ಷ ಇದ್ದೇನೆ, ಇದರಲ್ಲಿ ಒಂದನ್ನೂ ನೋಡಿಲ್ಲ" ಎಂದ. ಅವನನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಹೊಯ್ಸಳರ ಮೂಲನೆಲೆಯಾದ ಅಂಗಡಿ ಗ್ರಾಮ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇದ್ದರೂ, ನಾನು ಅಲ್ಲಿಗೆ ಮಕ್ಕಳನ್ನು ಕರೆದೊಯ್ದದ್ದು ಸೇವೆಯ ಹದಿನೇಳನೆಯ ವರ್ಷದಲ್ಲಿ. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ದೂರವಾಣಿಯಲ್ಲಿ, "ತಾತ, ಗೌರಮ್ಮನಿಗೆ ಕನ್ನಡ ಬರ್ತಿತ್ತಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಬ್ರಾಂಪ್ಟನ್ನಿಗೆ ಅವಳನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಸಾಲು ಬರೆಯಮ್ಮ. ಸಮಾಧಿಯ ಚಿತ್ರವನ್ನು ಮೊದಲು ನಿನಗೇ ಕಳುಹಿಸುತ್ತೇನೆ.