ಟೊಪ್ಪಿ ಹೋಗಿ ಮುಂಡಾಸು ಬಂದ ಕತೆ

ನಮ್ಮ ಮಕ್ಕಳು ಕೊರಳಿಗೆ ಕಟ್ಟುವ ಸ್ಕೌಟ್ ಸ್ಕಾರ್ಫಿಗೂ ಒಂದು ಚರಿತ್ರೆ ಇದೆ. 1909ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸ್ಕೌಟ್ ದಳ ಶುರುವಾದಾಗ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮವರಿಗೆ ಬಾಗಿಲು ಹಾಕಿತ್ತು.

ಅದು ತೆರೆಯಲಿ ಎಂದು ಕಾಯದೆ ಆನಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲಿ ಭಾರತೀಯ ಹುಡುಗರದ್ದೇ ಸಂಘ ಕಟ್ಟಿದರು. ಟೊಪ್ಪಿಯ ಬದಲು ಮುಂಡಾಸು ಬಂತು. ಹಗ್ಗದ ಗಂಟುಗಳು ಹಾಗೆಯೇ ಉಳಿದವು. (ಅಂಗಡಿಯಲ್ಲಿ ಮೂಟೆ ಕಟ್ಟುತ್ತಾ ಬೆಳೆದ ನನಗೆ ಆ ಗಂಟುಗಳ ಮೇಲೇ ಪ್ರೀತಿ.) 1921ರಲ್ಲಿ ಬೇಡನ್ ಪೊವೆಲ್ ಬಂದು ಹೋದ ಮೇಲೆ ಈ ಸಂಘ ಮೂಲ ಸಂಸ್ಥೆಯೊಂದಿಗೆ ಸೇರಿತು.

ಮುಂದೆ ಮತ್ತೆ ಬೇರೆ ಸಂಘಗಳು ಹುಟ್ಟಿದವು. ಅವೆಲ್ಲ ಒಂದಾಗಲು 1950ರ ನವೆಂಬರ್ 7 ಬರಬೇಕಾಯಿತು. ಹುಡುಗಿಯರ ಗೈಡ್ ಸಂಘ ಸೇರಿದ್ದು ಅದಕ್ಕೂ ತಡವಾಗಿ, 1951ರ ಆಗಸ್ಟ್ 15ಕ್ಕೆ.